ಹೊನ್ನಾವರದ ಕಡಲಿನಲ್ಲಿ ಇಬ್ನ್ ಬತೂತಾ

ಎಚ್.ಇ.ಬಿ.ಎ. ತೆಗೆದುಕೊಂಡ ನಮಗೆಲ್ಲ ಇಬ್ನ್ ಬತೂತಾ ಅವರ ಹೆಸರು ಗೊತ್ತು. ಇತಿಹಾಸದ ನೋಟ್ಸಿನಲ್ಲಿ ಅವರಿಗೆ ಒಂದು ಸಾಲು ಇದೆ. ಮೊರಾಕ್ಕೋ ದೇಶದ ಪ್ರವಾಸಿ, ಮುಹಮ್ಮದ್ ಬಿನ್ ತುಘಲಕ್ ಕಾಲದಲ್ಲಿ ದೆಹಲಿಗೆ ಬಂದರು, ಕೃತಿ ‘ರಿಹ್ಲಾ’. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ನನಗೂ ಇಷ್ಟೇ ಗೊತ್ತಿತ್ತು. ಕಳೆದ ರಜೆಯಲ್ಲಿ ಅವರ ಪ್ರವಾಸ ಕಥನದ ಇಂಗ್ಲಿಷ್ ಅನುವಾದ ಓದಲು ಸಿಕ್ಕಿತು. ಅದರಲ್ಲಿ ಹಿನಾವ್ರ್, ಅಬೂ ಸರೂರ್, ಫಾಕನೂರ್, ಮಂಜರೂರ್ ಎಂಬ ಹೆಸರುಗಳನ್ನು ನೋಡಿ ಇವೆಲ್ಲ ಅರಬ್ ದೇಶದ ಊರುಗಳಿರಬೇಕು ಎಂದುಕೊಂಡೆ. ಅಡಿಟಿಪ್ಪಣಿ ನೋಡಿದರೆ ಅವು ಹೊನ್ನಾವರ, ಬಸ್ರೂರು, ಬಾರ್ಕೂರು ಮತ್ತು ಮಂಗಳೂರು! ನಮ್ಮ ರಾಜ್ಯದ ಕರಾವಳಿಯಲ್ಲಿ ಅವರು ಹಾಯಿ ಹಡಗಿನಲ್ಲಿ ಬಂದರಿನಿಂದ ಬಂದರಿಗೆ ಹೋಗಿದ್ದಾರೆ. ಅದೇ ಕಡಲಿನಲ್ಲಿ ಒಂದು ದಿನ ಮೈಮೇಲಿನ ಪೈಜಾಮ ಒಂದನ್ನು ಬಿಟ್ಟು ಇದ್ದದ್ದೆಲ್ಲವನ್ನೂ ಕಳೆದುಕೊಂಡಿದ್ದಾರೆ. ಇದು ನೋಟ್ಸಿನಲ್ಲಿ ಇಲ್ಲದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ನಾನು ಸಮುದ್ರ ನೋಡಿಲ್ಲ. ಕೆ.ಜಿ.ಎಫ್.ನಲ್ಲಿ ಹುಟ್ಟಿದ ನಮಗೆ ಆಳ ಎಂದರೆ ಗಣಿ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ ಎಂದು ಕೇಳುತ್ತಾ ಬೆಳೆದವರು ನಾವು. ನನ್ನ ಮಾಮು ಕೋಲಾರದಿಂದ ಟೊಮ್ಯಾಟೊ ಲೋಡ್ ತೆಗೆದುಕೊಂಡು ಮಂಗಳೂರಿಗೆ ಹೋಗುತ್ತಾರೆ. ಕಡಲಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅವರು ಹೇಳಿದ್ದು ಮತ್ತು ಪುಸ್ತಕದಲ್ಲಿ ಓದಿದ್ದು. ತಪ್ಪಿದ್ದರೆ ಕರಾವಳಿ ನೋಡಿದವರು ತಿದ್ದಬೇಕು.

ಇಬ್ನ್ ಬತೂತಾ ಅವರು ಹುಟ್ಟಿದ್ದು 1304ರ ಫೆಬ್ರವರಿಯಲ್ಲಿ, ಮೊರಾಕ್ಕೋದ ಟ್ಯಾಂಜಿಯರ್ ಎಂಬ ಬಂದರು ಊರಿನಲ್ಲಿ. ಮನೆತನದಲ್ಲಿ ಹಲವರು ಖಾಜಿಗಳಾಗಿದ್ದರು. ಇವರೂ ಅದೇ ವಿದ್ಯೆ ಕಲಿತರು. 1325ರ ಜೂನ್ 14ರಂದು, 21ನೇ ವಯಸ್ಸಿನಲ್ಲಿ, ಹಜ್ ಯಾತ್ರೆಗೆಂದು ಒಬ್ಬರೇ ಹೊರಟರು. ಜೊತೆಗಾರರಿಲ್ಲ, ಕಾಫಿಲಾ ಇಲ್ಲ. ತಂದೆ ತಾಯಿ ಇಬ್ಬರೂ ಬದುಕಿದ್ದರು, ಅವರನ್ನು ಬಿಟ್ಟು ಹೋಗುವುದು ತುಂಬಾ ಕಷ್ಟವಾಯಿತು ಎಂದು ಮುದುಕರಾದ ಮೇಲೂ ನೆನೆಸಿಕೊಂಡಿದ್ದಾರೆ. ಹಜ್ ಮುಗಿಸಿ ಒಂದೆರಡು ವರ್ಷದಲ್ಲಿ ವಾಪಸ್ ಬರಬೇಕಾದವರು ಊರಿಗೆ ಮರಳಿದ್ದು 24 ವರ್ಷಗಳ ನಂತರ.

ಈ 24 ವರ್ಷಗಳಲ್ಲಿ ಅವರು ನೋಡಿದ ದೇಶಗಳನ್ನು ಬರೆಯಲು ಹೋದರೆ ಈ ಸಂಚಿಕೆ ಪೂರ್ತಿ ಸಾಲದು. ಈಜಿಪ್ಟ್, ಸಿರಿಯಾ, ಮಕ್ಕಾ, ಇರಾಕ್, ಇರಾನ್, ಯೆಮೆನ್, ಆಫ್ರಿಕಾದ ಪೂರ್ವ ತೀರ, ಟರ್ಕಿ, ಮಧ್ಯ ಏಷ್ಯಾ ಎಲ್ಲವನ್ನೂ ಸುತ್ತಿದರು. ಹೋದ ದಾರಿಯಲ್ಲೇ ಮತ್ತೆ ಹೋಗಬಾರದು ಎಂಬುದು ಅವರ ನಿಯಮವಾಗಿತ್ತು. ಜೀವಮಾನದಲ್ಲಿ ಅವರು ಸುತ್ತಿದ್ದು ಸುಮಾರು 1,17,000 ಕಿಲೋಮೀಟರ್ ಎಂದು ಲೆಕ್ಕ ಹಾಕುತ್ತಾರೆ. 1333ರ ಸೆಪ್ಟೆಂಬರಿನಲ್ಲಿ ಸಿಂಧೂ ನದಿಯ ದಡಕ್ಕೆ ಬಂದರು.

ದೆಹಲಿಯ ಭಾಗದಲ್ಲಿ ನಮ್ಮ ಕಾಮರ್ಸ್ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ವಿಷಯ ಇದೆ. ಸುಲ್ತಾನನನ್ನು ಕಾಣಲು ಹೋಗುವ ಪರದೇಶದವರು ಕಾಣಿಕೆ ಒಯ್ಯಬೇಕಿತ್ತು. ಸುಲ್ತಾನ ಅದರ ಎಷ್ಟೋ ಪಟ್ಟು ಬೆಲೆಯ ಉಡುಗೊರೆ ಹಿಂದಿರುಗಿಸುತ್ತಿದ್ದ. ಆದ್ದರಿಂದ ವ್ಯಾಪಾರಿಗಳು ಹೊಸದಾಗಿ ಬಂದವರಿಗೆ ಕಾಣಿಕೆ ಖರೀದಿಸಲು ಸಾಲ ಕೊಟ್ಟು, ಉಡುಗೊರೆ ಬಂದ ಮೇಲೆ ಲಾಭದ ಸಮೇತ ವಸೂಲು ಮಾಡುತ್ತಿದ್ದರು. ಅದೇ ಒಂದು ಬಿಸಿನೆಸ್ ಆಗಿತ್ತು! ಇಬ್ನ್ ಬತೂತಾ ಅವರೂ ಸಾಲ ಮಾಡಿದರು. ಆದರೆ ಅವರಿಗೆ ಖರ್ಚಿನ ಮೇಲೆ ಹಿಡಿತವೇ ಇರಲಿಲ್ಲ. ಸಾಲ 55,000 ದಿನಾರಿಗೆ ಏರಿ, ಕೊನೆಗೆ ಸುಲ್ತಾನನೇ ತೀರಿಸಬೇಕಾಯಿತು. ಖಾಜಿ ಹುದ್ದೆಗೆ ವರ್ಷಕ್ಕೆ 12,000 ದಿನಾರ್ ಸಂಬಳ ಸಿಕ್ಕಿತು. ಸುಲ್ತಾನನ ಕೈ ಧಾರಾಳ ನಿಜ, ಆದರೆ ಕೋಪವೂ ಅಷ್ಟೇ ಭಯಂಕರ. ಸುಲ್ತಾನನ ಸಿಟ್ಟಿಗೆ ಗುರಿಯಾದ ಒಬ್ಬ ಸೂಫಿ ಸಂತರನ್ನು ಭೇಟಿ ಮಾಡಿದ್ದಕ್ಕೆ ಇವರ ಸುತ್ತ ಕಾವಲು ಹಾಕಲಾಯಿತು. ಆ ಸಂತರ ತಲೆ ಹೋಯಿತು, ಇವರು ಹೇಗೋ ಉಳಿದರು. ಆಮೇಲೆ ಎಲ್ಲವನ್ನೂ ಬಿಟ್ಟು ಫಕೀರರಂತೆ ಇದ್ದುಬಿಟ್ಟರು. ಹೀಗಿರುವಾಗ ಸುಲ್ತಾನ ಮತ್ತೆ ಕರೆಸಿ, ಚೀನಾದ ಬಾದಶಹನ ಬಳಿಗೆ ತನ್ನ ರಾಯಭಾರಿಯಾಗಿ ಹೋಗಬೇಕೆಂದ. ಸುತ್ತುವ ಹುಚ್ಚಿದ್ದವರು ಕೂಡಲೇ ಒಪ್ಪಿದರು. ದೆಹಲಿಯಿಂದ ದೂರ ಹೋದರೆ ಸಾಕಾಗಿತ್ತು ಎಂದೂ ನನಗೆ ಅನಿಸುತ್ತದೆ.

1342ರಲ್ಲಿ ರಾಯಭಾರದ ತಂಡ ಹೊರಟಿತು. ಉಡುಗೊರೆಯಲ್ಲಿ 100 ಕುದುರೆಗಳು ಇದ್ದವು, ಬಟ್ಟೆ ಬರೆ, ಚಿನ್ನ ಬೆಳ್ಳಿಯ ಪಾತ್ರೆಗಳು ಇದ್ದವು. 100 ಮಂದಿ ಗುಲಾಮರು ಮತ್ತು 100 ಮಂದಿ ಹಾಡಿ ಕುಣಿಯುವ ಹೆಣ್ಣುಮಕ್ಕಳು ಕೂಡ ಆ ಪಟ್ಟಿಯಲ್ಲೇ ಇದ್ದರು. ಕುದುರೆಗಳ ಸಾಲಿನಲ್ಲೇ ಮನುಷ್ಯರನ್ನೂ ಎಣಿಸಿರುವುದನ್ನು ಓದುವಾಗ ಮನಸ್ಸಿಗೆ ಹಿಂಸೆಯಾಯಿತು. ಈಗಿನ ಅಲಿಗಢದ ಬಳಿ ದರೋಡೆಕೋರರು ಇಬ್ನ್ ಬತೂತಾ ಅವರನ್ನು ಸೆರೆಹಿಡಿದರು, ಅವರು ತಪ್ಪಿಸಿಕೊಂಡು ಮತ್ತೆ ತಂಡವನ್ನು ಸೇರಿದರು. ದೌಲತಾಬಾದ್ ದಾಟಿ ಗುಜರಾತಿನ ಖಂಭಾತ್‌ಗೆ ಬಂದು, ಅಲ್ಲಿಗೆ ಹತ್ತಿರದ ಗಂಧಾರ್ ಎಂಬ ಬಂದರಿನಲ್ಲಿ ಹಡಗು ಹತ್ತಿದರು.

ಇಬ್ನ್ ಬತೂತಾ ಇದ್ದ ಹಡಗಿನ ಹೆಸರು ಜಾಗಿರ್. ಉಡುಗೊರೆಯ ಕುದುರೆಗಳಲ್ಲಿ 70 ಅದೇ ಹಡಗಿನಲ್ಲಿದ್ದವು. ಉಳಿದ ಕುದುರೆಗಳು ಇನ್ನೊಂದು ಹಡಗಿನಲ್ಲಿ. ಜಾಗಿರ್‌ನಲ್ಲಿ ಹುಟ್ಟು ಹಾಕಲು 50 ಜನ, ಕಾವಲಿಗೆ 50 ಜನ ಹಬಶಿ ಯೋಧರು. ಈ ಹಬಶಿಗಳಲ್ಲಿ ಒಬ್ಬ ಹಡಗಿನಲ್ಲಿದ್ದರೂ ಕಡಲ್ಗಳ್ಳರು ಹತ್ತಿರ ಬರುವುದಿಲ್ಲ ಎಂಬ ಮಾತು ಇತ್ತಂತೆ. ಜೊತೆಗೆ ಗಂಧಾರಿನ ರಾಜ ಕೊಟ್ಟ ಒಂದು ಯುದ್ಧದ ಹಡಗು. ಅದಕ್ಕೆ 60 ಹುಟ್ಟುಗಳು. ಬಾಣಗಳು ತಾಗದಂತೆ ಕಾಳಗದ ಸಮಯದಲ್ಲಿ ಹುಟ್ಟು ಹಾಕುವವರ ಮೇಲೆ ಚಾವಣಿ ಹಾಕುತ್ತಿದ್ದರು. ಈ ಕಡಲಿನ ಹಡಗುಗಳ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು ಎಂದೂ ಅವರು ಹೇಳಿದ್ದಾರೆ. ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದ ಹಡಗು ಸ್ವಲ್ಪ ಬಾಗಿ ಉಳಿದುಕೊಳ್ಳುತ್ತದೆ ಎನ್ನುವುದು ಅವರು ಕೊಡುವ ಕಾರಣ.

ಗೋವೆಯ ಬಳಿ ನಿಂತು ಅವರು ಹೊನ್ನಾವರಕ್ಕೆ ಬಂದರು. ಆಗ ಅಲ್ಲಿ ಜಮಾಲುದ್ದೀನ್ ಮುಹಮ್ಮದ್ ಎಂಬ ಸುಲ್ತಾನ ಆಳುತ್ತಿದ್ದ. ಅವನೂ ಸ್ವತಂತ್ರನಲ್ಲ, ಹರಿಯಬ್ ಎಂಬ ಹಿಂದೂ ರಾಜನ ಅಧೀನದಲ್ಲಿದ್ದ. ಈ ಹರಿಯಬ್ ವಿಜಯನಗರದ ಹರಿಹರನೇ ಇರಬೇಕು ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಜಮಾಲುದ್ದೀನನ ಸೈನ್ಯ ಸುಮಾರು 6,000. ಅವನ ಹಡಗುಗಳಿಗೆ ಹೆದರಿ ಮಲಬಾರಿನವರು ವರ್ಷ ವರ್ಷ ಅವನಿಗೆ ಹಣ ಕೊಡುತ್ತಿದ್ದರು. ಊರು ಅಳಿವೆಯಿಂದ ಅರ್ಧ ಮೈಲಿ ದೂರ. ಶರಾವತಿ ಸಮುದ್ರ ಸೇರುವ ಜಾಗ ಅದು, ದೊಡ್ಡ ಹಡಗುಗಳು ಅದರ ಒಳಗೇ ಬರುತ್ತಿದ್ದವು. ಜನರಿಗೆ ಹೊಲ ಗದ್ದೆ ಇರಲಿಲ್ಲ, ಕಡಲ ವ್ಯಾಪಾರವೇ ಜೀವನ. ಮಳೆಗಾಲದ 4 ತಿಂಗಳು ಮೀನು ಹಿಡಿಯುವವರನ್ನು ಬಿಟ್ಟು ಯಾರೂ ಸಮುದ್ರಕ್ಕೆ ಇಳಿಯುತ್ತಿರಲಿಲ್ಲ. ವರ್ಷದ ಮೂರನೇ ಒಂದು ಭಾಗ ಅಂಗಡಿ ಮುಚ್ಚಿ, ಉಳಿದ 8 ತಿಂಗಳಲ್ಲಿ ಇಡೀ ವರ್ಷದ ದುಡಿಮೆ ಮಾಡಬೇಕು. ಮಾನ್ಸೂನ್ ಎಂಬ ಪದ ನಮ್ಮ ಮನೆಯಲ್ಲಿ ನಾವು ದಿನವೂ ಹೇಳುವ ಮೌಸಮ್ ಎಂಬ ಪದದಿಂದಲೇ ಬಂದದ್ದು.

ಹೊನ್ನಾವರದಲ್ಲಿ ಅವರು ನೋಡಿದ ಒಂದು ವಿಷಯವನ್ನು ನಾನು ಎರಡು ಸಲ ಓದಿದೆ. ಆ ಊರಿನಲ್ಲಿ ಹುಡುಗರಿಗೆ 23 ಶಾಲೆಗಳಿದ್ದವು. ಹುಡುಗಿಯರಿಗೆ 13 ಶಾಲೆಗಳಿದ್ದವು. ಇಂಥದ್ದನ್ನು ಬೇರೆ ಎಲ್ಲೂ ಕಾಣಲಿಲ್ಲ ಎಂದು ಅವರೇ ಹೇಳುತ್ತಾರೆ. ಅಲ್ಲಿನ ಹೆಂಗಸರಿಗೆಲ್ಲ ಖುರ್‌ಆನ್ ಕಂಠಪಾಠವಾಗಿತ್ತಂತೆ. ಅವರು ಹೊಲಿಗೆ ಇಲ್ಲದ ಉದ್ದ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ, ಉಳಿದದ್ದನ್ನು ತಲೆ ಮತ್ತು ಎದೆಯ ಮೇಲೆ ಹೊದ್ದುಕೊಳ್ಳುತ್ತಿದ್ದರು, ಮೂಗಿಗೆ ಬಂಗಾರದ ಉಂಗುರ. ಅಂದರೆ ಸೀರೆ ಮತ್ತು ನತ್ತು. ಇದನ್ನು ನಾನು ಉರ್ದುವಿನಲ್ಲಿ ನಾನಿಗೆ ಹೇಳಿದೆ. ನಾನಿ ಶಾಲೆಗೆ ಹೋದವರಲ್ಲ. ಅಷ್ಟು ಹಿಂದೆ 13 ಶಾಲೆ ಇದ್ದದ್ದು ಆಮೇಲೆ ಎಲ್ಲಿ ಹೋದವು ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸುಲ್ತಾನನ ಮನೆಯ ಊಟದ ವರ್ಣನೆಯೂ ಬಹಳ ಚೆನ್ನಾಗಿದೆ. ತಾಮ್ರದ ದೊಡ್ಡ ತಟ್ಟೆಯಲ್ಲಿ ಅನ್ನ, ಅದರ ಮೇಲೆ ತುಪ್ಪ. ನಂಚಿಕೊಳ್ಳಲು ಕಾಳುಮೆಣಸು, ಹಸಿ ಶುಂಠಿ, ನಿಂಬೆ ಮತ್ತು ಮಾವಿನಕಾಯಿಯ ಉಪ್ಪಿನಕಾಯಿ. ಮತ್ತೆ ಅನ್ನ, ಕೋಳಿ. ಮತ್ತೆ ಅನ್ನ, ಮೀನು. ಆಮೇಲೆ ತರಕಾರಿ. ಕೊನೆಗೆ ಮಜ್ಜಿಗೆ. ಮಜ್ಜಿಗೆ ಬಂತು ಎಂದರೆ ಊಟ ಮುಗಿಯಿತು ಎಂದೇ ಅರ್ಥ ಎಂದು ಅವರು ವಿವರಿಸುತ್ತಾರೆ. ಸುಮಾರು 680 ವರ್ಷಗಳಾದರೂ ನಮ್ಮ ಮದುವೆ ಮನೆಯ ಪಂಕ್ತಿಯಲ್ಲಿ ಈ ನಿಯಮ ಬದಲಾಗಿಲ್ಲ! ಮುಂದೆ ಇನ್ನೊಮ್ಮೆ ಬಂದು ಇದೇ ಸುಲ್ತಾನನ ಜೊತೆ 11 ತಿಂಗಳು ಇದ್ದರು, ಆಗ ಒಂದು ದಿನವೂ ರೊಟ್ಟಿ ಸಿಗಲಿಲ್ಲ. ದಕ್ಷಿಣದ ಕಡೆಯ ಊರುಗಳಲ್ಲಿ ಅನ್ನ ತಿಂದು ತಿಂದು, ಕಡೆ ಕಡೆಗೆ ನೀರು ಕುಡಿದು ನುಂಗುವ ಹಾಗಾಯಿತಂತೆ. ಗೋಧಿ ತಿನ್ನುವ ದೇಶದವರ ಕಷ್ಟ.

ಮೊದಲ ಸಲ ಬಂದಾಗ 3 ದಿನ ಇದ್ದು ದಕ್ಷಿಣಕ್ಕೆ ಹೊರಟರು. ಈ ಕರಾವಳಿಯಲ್ಲಿ ಹಾಯಿ ಹಡಗಿನ ಒಂದು ದಿನ ಹೇಗೆ ನಡೆಯುತ್ತದೆ ಎಂದು ತಿಳಿದುಕೊಂಡರೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ಮಳೆಗಾಲ ಕಳೆದ ತಿಂಗಳುಗಳಲ್ಲಿ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ನೀರು ಬೆಚ್ಚಗೇ ಇರುತ್ತದೆ. ಆದ್ದರಿಂದ ನಸುಕಿನಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಲಂಗರು ಎತ್ತಿ ಅಳಿವೆಯಿಂದ ಹೊರಗೆ ಬರಲು ಇದೇ ಗಾಳಿ ಬೇಕು. ಬಿಸಿಲೇರಿದ ಹಾಗೆ ಗಾಳಿ ನಿಂತುಬಿಡುತ್ತದೆ. ಹಾಯಿ ಜೋತು ಬೀಳುತ್ತದೆ, ಆಗ ಹುಟ್ಟು ಹಾಕುವವರ ಕೆಲಸ. ಮಧ್ಯಾಹ್ನ ನೆಲ ಕಾದ ಮೇಲೆ ಕಡಲ ಕಡೆಯಿಂದ, ವಾಯವ್ಯದಿಂದ ಗಾಳಿ ಶುರುವಾಗುತ್ತದೆ. ದಕ್ಷಿಣಕ್ಕೆ ಹೋಗುವ ಹಡಗಿಗೆ ಅದು ಬೆನ್ನ ಹಿಂದಿನ ಗಾಳಿ. ಸಂಜೆಯೊಳಗೆ ಯಾವುದಾದರೂ ನದಿಯ ಬಾಯಿಗೆ ತಲುಪಿ ಲಂಗರು ಹಾಕಿದರೆ ಆ ದಿನ ಮುಗಿಯಿತು. ಎಡಗಡೆಗೆ ತೆಂಗಿನ ಮರಗಳ ಸಾಲು, ಅದರ ಹಿಂದೆ ಘಟ್ಟ ಕಾಣುತ್ತಲೇ ಇರುತ್ತದೆ. ದಡ ಬಿಟ್ಟು ದೂರ ಹೋದರೆ ಈ ಗಾಳಿ ಸಿಗುವುದಿಲ್ಲ. ದಡದ ಹತ್ತಿರವೇ ಹೋದರೆ ದಡದಲ್ಲಿರುವವರಿಗೆ ಹಡಗು ಕಾಣುತ್ತದೆ. ಕಷ್ಟ ಶುರುವಾಗುವುದು ಅಲ್ಲೇ.

ಮೊದಲು ಬಸ್ರೂರು. ತೆಂಗಿನ ತೋಟಗಳ ನಡುವೆ ದೊಡ್ಡ ಹೊಳೆಯ ದಡದ ಚಿಕ್ಕ ಊರು. ಅಲ್ಲಿಂದ 2 ದಿನಕ್ಕೆ ಬಾರ್ಕೂರು. ಮಾಮು ಲಾರಿಯಲ್ಲಿ ಒಂದು ಗಂಟೆಯೂ ಬೇಡ ಎಂದು ನಕ್ಕರು. ಆದರೆ ಹಡಗು ಗಾಳಿಗೆ ಕಾಯಬೇಕು, ನೀರಿನ ಉಬ್ಬರಕ್ಕೆ ಕಾಯಬೇಕು, ಹೊಳೆಯ ಒಳಗೆ ಹೋಗಿ ಹೊರಗೆ ಬರಬೇಕು. ಬಾರ್ಕೂರು ಆಳುಪರ ರಾಜಧಾನಿಯಾಗಿದ್ದ ಊರು. ಅಲ್ಲಿನ ರಾಜನ ಹೆಸರನ್ನು ಇಬ್ನ್ ಬತೂತಾ ಬಾಸದೇವ ಎಂದು ಹೇಳಿದ್ದಾರೆ. ಅಲ್ಲಿ ಒಳ್ಳೆಯ ಕಬ್ಬು ಬೆಳೆಯುತ್ತಿತ್ತಂತೆ. ಅವನಿಗೆ ಸುಮಾರು 30 ಯುದ್ಧದ ಹಡಗುಗಳಿದ್ದವು, ಅವುಗಳ ನಾಯಕ ಲೂಲಾ ಎಂಬ ಮುಸ್ಲಿಂ. ಈ ಲೂಲಾ ದಾರಿಯಲ್ಲಿ ಹೋಗುವ ವ್ಯಾಪಾರಿಗಳನ್ನು ದೋಚುವವನು ಎಂದು ಇಬ್ನ್ ಬತೂತಾ ಮುಚ್ಚಿಡದೆ ಹೇಳಿದ್ದಾರೆ. ತಮ್ಮ ಧರ್ಮದವನು ಎಂದು ಅವನನ್ನು ಬಿಟ್ಟುಕೊಡದೆ ಇರಲಿಲ್ಲ, ಅದು ನನಗೆ ಇಷ್ಟವಾಯಿತು.

ಈ ಕರಾವಳಿಯಲ್ಲಿ ಒಂದು ಪದ್ಧತಿ ಇತ್ತು. ಯಾವ ಹಡಗೇ ಆಗಲಿ, ಒಂದು ರಾಜ್ಯದ ಮುಂದೆ ಹಾದುಹೋಗುವಾಗ ಅಲ್ಲಿ ಲಂಗರು ಹಾಕಿ ರಾಜನಿಗೆ ಕಾಣಿಕೆ ಕೊಡಬೇಕು. ಅದಕ್ಕೆ ಬಂದರಿನ ಹಕ್ಕು ಎಂದು ಹೆಸರು. ಕೊಡದೆ ಹೋದರೆ ಹಡಗುಗಳಲ್ಲಿ ಬೆನ್ನಟ್ಟಿ ಬಂದು ಹಿಡಿದು, ದಂಡ ಹಾಕಿ, ಮನಸ್ಸು ಬಂದಷ್ಟು ದಿನ ತಡೆದು ನಿಲ್ಲಿಸುತ್ತಿದ್ದರು. ಬಂದರ್ ಪಾರಸಿ ಪದ, ಲಂಗರ್ ಕೂಡ ಪಾರಸಿ. ಕನ್ನಡದ ಬಂದರು ಮತ್ತು ಲಂಗರು ಅಲ್ಲಿಂದಲೇ ಬಂದವು. ಈ ಪದಗಳು ಕೂಡ ಹಡಗಿನಲ್ಲೇ ಬಂದು ಇಳಿದಿರಬೇಕು.

ಹಾಗಾದರೆ ದಡಕ್ಕೆ ಇಳಿಯುವವನು ರಾಜನನ್ನು ಹೇಗೆ ನಂಬುವುದು? ಬಾರ್ಕೂರಿನಲ್ಲಿ ರಾಜ ತನ್ನ ಮಗನನ್ನೇ ಒತ್ತೆಯಾಗಿ ಹಡಗಿಗೆ ಕಳುಹಿಸಿದ. ಮಗ ಹಡಗಿನಲ್ಲಿ, ಅತಿಥಿಗಳು ಅರಮನೆಯಲ್ಲಿ. ಇವರು 3 ದಿನ ಸತ್ಕಾರ ಪಡೆದು ವಾಪಸ್ ಬಂದರು. ಬಿಸಿನೆಸ್ ಸ್ಟಡೀಸ್‌ನಲ್ಲಿ ನಾವು ಸೆಕ್ಯೂರಿಟಿ ಎಂದು ಓದುತ್ತೇವಲ್ಲ, ಇಲ್ಲಿ ಅದು ಒಬ್ಬ ಹುಡುಗ. ದಡದಲ್ಲಿ ಏನಾದರೂ ಹೆಚ್ಚು ಕಡಿಮೆ ಆದರೆ ಆ ಹುಡುಗನ ಗತಿ ಏನು? ಅವನ ವಯಸ್ಸು ಎಷ್ಟೆಂದು ಇಬ್ನ್ ಬತೂತಾ ಹೇಳಿಲ್ಲ. ನನ್ನ ತಮ್ಮನಷ್ಟು ಇದ್ದಿರಬಹುದು ಎಂದು ಅನಿಸುತ್ತಲೇ ಇತ್ತು.

ಮುಂದೆ 3 ದಿನಕ್ಕೆ ಮಂಗಳೂರು. ಪರ್ಷಿಯಾ ಮತ್ತು ಯೆಮೆನ್‌ನಿಂದ ಬರುವ ವ್ಯಾಪಾರಿಗಳಲ್ಲಿ ಬಹುತೇಕ ಜನ ಅಲ್ಲೇ ಇಳಿಯುತ್ತಿದ್ದರು. ಕಾಳುಮೆಣಸು, ಶುಂಠಿ ಬೇಕಾದಷ್ಟು ಸಿಗುತ್ತಿತ್ತು. ರಾಜನ ಹೆಸರು ರಾಮದೇವ. ಊರ ಪಕ್ಕದ ಬಡಾವಣೆಯಲ್ಲಿ ಸುಮಾರು 4,000 ಮುಸ್ಲಿಮರು ವಾಸವಾಗಿದ್ದರು. ಅವರಿಗೂ ಊರಿನವರಿಗೂ ಆಗಾಗ ಜಗಳವಾಗುತ್ತಿತ್ತು, ರಾಜನೇ ನಡುವೆ ಬಂದು ರಾಜಿ ಮಾಡಿಸುತ್ತಿದ್ದ. ಏಕೆಂದರೆ ಅವನಿಗೆ ವ್ಯಾಪಾರಿಗಳು ಬೇಕು. ಅಲ್ಲಿನ ಖಾಜಿ ಬದ್ರುದ್ದೀನ್ ಅವರು ಹಡಗಿಗೆ ಬಂದು ಇಳಿಯುವಂತೆ ಆಹ್ವಾನಿಸಿದರು. ಬಾರ್ಕೂರಿನ ರಾಜನ ಹಾಗೆ ಈ ರಾಜನೂ ಮಗನನ್ನು ಕಳುಹಿಸಲಿ ಎಂದು ಇವರು ಪಟ್ಟು ಹಿಡಿದರು. ಬಾರ್ಕೂರಿನಲ್ಲಿ ಮುಸ್ಲಿಮರಿಗೆ ಬಲವಿಲ್ಲ, ಅದಕ್ಕೆ ಅಲ್ಲಿ ಒತ್ತೆ ಬೇಕಾಯಿತು, ಇಲ್ಲಿ ರಾಜನಿಗೇ ನಮ್ಮ ಭಯವಿದೆ ಎಂದು ಖಾಜಿಯವರು ಸಮಾಧಾನ ಹೇಳಿದರು. ಇವರು ಕೇಳಲಿಲ್ಲ. ಕೊನೆಗೆ ಇಲ್ಲಿಯೂ ರಾಜನ ಮಗ ಹಡಗಿಗೆ ಬಂದ ಮೇಲೆಯೇ ಇಳಿದರು. ಖಾಜಿಯವರ ಮಾತಿಗಿಂತ ಹುಡುಗನ ಮೇಲೆ ಹೆಚ್ಚು ನಂಬಿಕೆ! ಹೊನ್ನಾವರದಿಂದ ಮಂಗಳೂರಿಗೆ ಈಗ ರಸ್ತೆಯಲ್ಲಿ ಸುಮಾರು 180 ಕಿಲೋಮೀಟರ್. ಅಷ್ಟರಲ್ಲಿ ಅವರು ಮೂವರು ಅರಸರನ್ನು ಕಂಡು ಇಬ್ಬರು ರಾಜಕುಮಾರರನ್ನು ಒತ್ತೆ ಪಡೆದಿದ್ದರು.

ಅವರು ಇಷ್ಟೆಲ್ಲ ಎಚ್ಚರಿಕೆ ವಹಿಸಿದ್ದು ಮನುಷ್ಯರ ವಿಷಯದಲ್ಲಿ. ಕಲ್ಲಿಕೋಟೆಯಲ್ಲಿ ಹೊಡೆತ ಬಿದ್ದದ್ದು ಬಿರುಗಾಳಿಯಿಂದ. ಚೀನಾಕ್ಕೆ ಹೋಗುವ ಹಡಗುಗಳಿಗೆ ಸಾಮಾನು ತುಂಬಿದ್ದಾಗಿತ್ತು. ಇವರು ಜುಮಾ ನಮಾಜಿಗೆಂದು ದಡದಲ್ಲಿ ಉಳಿದರು. ಸಮುದ್ರ ಕೆರಳಿತು. ಉಡುಗೊರೆ ಇದ್ದ ದೊಡ್ಡ ಹಡಗು ರಾತ್ರಿ ಒಡೆದುಹೋಯಿತು, ಜೊತೆಗಿದ್ದ ಅಧಿಕಾರಿಗಳ ಹೆಣಗಳು ದಡಕ್ಕೆ ಬಂದವು, ಇವರೇ ಜನಾಜಾ ನಮಾಜ್ ಮಾಡಿದರು. ಇವರ ಸಾಮಾನು ಮತ್ತು ಆಳುಗಳಿದ್ದ ಇನ್ನೊಂದು ಹಡಗು ಹಾಯಿ ಬಿಚ್ಚಿ ಇವರನ್ನು ಬಿಟ್ಟು ಹೊರಟೇಹೋಯಿತು. ಅದರಲ್ಲಿ ಇವರ ಮಗುವಿನ ತಾಯಿಯಾಗಲಿದ್ದ ಒಬ್ಬ ದಾಸಿ ಇದ್ದಳು. ಅವಳು ಸತ್ತ ಸುದ್ದಿ ಬಹಳ ದಿನಗಳ ನಂತರ ತಲುಪಿತು. ದಡದಲ್ಲಿ ಉಳಿದದ್ದು ಮಲಗುವ ಹಾಸು ಮತ್ತು 10 ದಿನಾರ್. ಉಡುಗೊರೆ ಮುಳುಗಿಸಿದ ರಾಯಭಾರಿಯಾಗಿ ದೆಹಲಿಗೆ ಹೋಗುವ ಧೈರ್ಯ ಇರಲಿಲ್ಲ. ಆದ್ದರಿಂದ ಹೊನ್ನಾವರದ ಜಮಾಲುದ್ದೀನನ ಆಶ್ರಯಕ್ಕೆ ಬಂದರು. ಅವನು 52 ಹಡಗುಗಳೊಂದಿಗೆ ಗೋವೆಯ ಮೇಲೆ ಯುದ್ಧಕ್ಕೆ ಹೋದಾಗ ಇವರೂ ಕತ್ತಿ ಹಿಡಿದು ಹೋದರು. ನಂತರ ಮಾಲ್ಡೀವ್ಸ್‌ನಲ್ಲಿ ಖಾಜಿಯಾದರು, ಅಲ್ಲಿ ಮದುವೆಗಳಾದವು, ವಜೀರನ ಜೊತೆ ಮನಸ್ತಾಪವಾಗಿ ಬಿಟ್ಟು ಬಂದರು. ಸಿಂಹಳದ ರಾಜ ಅವರಿಗೆ ಮುತ್ತು, ಮಾಣಿಕ್ಯಗಳನ್ನು ಕೊಟ್ಟ. ಮದುರೈ ನೋಡಿ, ಜ್ವರದಲ್ಲಿ ನರಳಿ, ಕೊಲ್ಲಂ ಬಂದರಿನಿಂದ ಮತ್ತೆ ಹೊನ್ನಾವರದ ಕಡೆಗೇ ಹಡಗು ಹತ್ತಿದರು.

ಬಾರ್ಕೂರಿಗೂ ಹೊನ್ನಾವರಕ್ಕೂ ನಡುವೆ ಒಂದು ಚಿಕ್ಕ ದ್ವೀಪದ ಹತ್ತಿರ ಬಂದಿದ್ದರು. ಹೊನ್ನಾವರ ಇನ್ನು ದೂರವಿರಲಿಲ್ಲ. ಅಷ್ಟರಲ್ಲಿ 12 ಯುದ್ಧದ ಹಡಗುಗಳು ಬಂದು ಸುತ್ತುಗಟ್ಟಿದವು. ಈ ಸಲ ಸುಲ್ತಾನನ ಪತ್ರವಿಲ್ಲ, 50 ಹಬಶಿಗಳಿಲ್ಲ, ಒತ್ತೆಗೆ ರಾಜಕುಮಾರನೂ ಇಲ್ಲ. ಸ್ವಲ್ಪ ಹೊತ್ತು ಜೋರು ಕಾಳಗ ನಡೆದು ಕಳ್ಳರು ಗೆದ್ದರು. ಸಿಂಹಳದ ಮುತ್ತು, ಮಾಣಿಕ್ಯಗಳನ್ನು ತೆಗೆದುಕೊಂಡರು. ಬಟ್ಟೆಗಳನ್ನು, ದಾರಿಯ ಬುತ್ತಿಯನ್ನು ತೆಗೆದುಕೊಂಡರು. ಕಷ್ಟಕಾಲಕ್ಕೆಂದು ಕೂಡಿಟ್ಟಿದ್ದೆಲ್ಲ ಹೋಯಿತು. ಮೈಮೇಲೆ ಪೈಜಾಮ ಒಂದನ್ನು ಬಿಟ್ಟು, ಎಲ್ಲರನ್ನೂ ದಡಕ್ಕೆ ಇಳಿಸಿ ಹೊರಟುಹೋದರು. ದೆಹಲಿಯ ಖಾಜಿ, ಚೀನಾಕ್ಕೆ ಹೊರಟ ರಾಯಭಾರಿ, ಹಾಗೆಯೇ ಕಲ್ಲಿಕೋಟೆಗೆ ವಾಪಸ್ ಬಂದು ಒಂದು ಮಸೀದಿಯೊಳಗೆ ಹೋಗಿ ಕುಳಿತರು. ಅಲ್ಲಿನ ಒಬ್ಬ ವಿದ್ವಾಂಸರು ಒಂದು ನಿಲುವಂಗಿ ಕಳುಹಿಸಿದರು, ಖಾಜಿಯವರು ಪೇಟ ಕಳುಹಿಸಿದರು, ಒಬ್ಬ ವ್ಯಾಪಾರಿ ಇನ್ನೊಂದು ನಿಲುವಂಗಿ ಕೊಟ್ಟ.

ಕಳ್ಳರು ಒಯ್ದದ್ದರಲ್ಲಿ ಅವರಿಗೆ ಕೆಲಸಕ್ಕೆ ಬಾರದ ಒಂದು ವಸ್ತುವೂ ಇತ್ತು. ಬುಖಾರಾದಲ್ಲಿ ವಿದ್ವಾಂಸರ ಗೋರಿಗಳ ಮೇಲಿನ ಬರಹಗಳನ್ನು ಬರೆದುಕೊಂಡಿದ್ದೆ, ಹಿಂದೂಸ್ತಾನದ ಕಡಲಿನಲ್ಲಿ ದೋಚಿದಾಗ ಅವೂ ಹೋದವು ಎಂದು ಇಬ್ನ್ ಬತೂತಾ ಬುಖಾರಾದ ಭಾಗದಲ್ಲಿ ಹೇಳಿಕೊಂಡಿದ್ದಾರೆ. ಮುತ್ತು, ಮಾಣಿಕ್ಯ ಯಾವುದೋ ಪೇಟೆಯಲ್ಲಿ ಮಾರಾಟವಾಗಿರಬಹುದು. ಆ ಹಾಳೆಗಳನ್ನು ಕಳ್ಳರು ಏನು ಮಾಡಿದರು?

ಆಮೇಲೆ ಅವರು ಬಂಗಾಳ, ಸುಮಾತ್ರಾ, ಚೀನಾ ನೋಡಿ, 1349ರಲ್ಲಿ ಮೊರಾಕ್ಕೋ ತಲುಪಿದರು. ಸ್ಪೇನ್ ನೋಡಿದರು, ಸಹಾರಾ ದಾಟಿ ಮಾಲಿಗೆ ಹೋಗಿಬಂದರು. ಫೆಜ್ ನಗರದಲ್ಲಿ ಅಲ್ಲಿನ ಸುಲ್ತಾನನ ಅಪ್ಪಣೆಯಂತೆ ತಮ್ಮ ಪ್ರವಾಸವನ್ನೆಲ್ಲ ಬಾಯಲ್ಲಿ ಹೇಳಿದರು. ಇಬ್ನ್ ಜುಝೈ ಎಂಬ ತರುಣ ವಿದ್ವಾಂಸ ಬರೆದುಕೊಂಡ. 1355ರ ಡಿಸೆಂಬರಿನಲ್ಲಿ ಮುಗಿಯಿತು. ಹೆಚ್ಚಿನದೆಲ್ಲ ನೆನಪಿನಿಂದ ಹೇಳಿದ್ದು.

ಅಕೌಂಟೆನ್ಸಿಯಲ್ಲಿ ವೋಚರ್ ಇಲ್ಲದ ಎಂಟ್ರಿಯನ್ನು ನಂಬಬಾರದು ಎಂದು ನಮಗೆ ಕಲಿಸಿದ್ದಾರೆ. ಈ ಪುಸ್ತಕದಲ್ಲಿ ವೋಚರ್ ಇಲ್ಲದ ಎಂಟ್ರಿಗಳು ಬಹಳ. ಅವರು ಚೀನಾದಲ್ಲಿ ಎಷ್ಟು ದೂರ ಹೋಗಿದ್ದರು ಎಂಬ ಬಗ್ಗೆ ವಿದ್ವಾಂಸರಿಗೆ ಅನುಮಾನವಿದೆ. ಕೆಲವು ವರ್ಣನೆಗಳು ಹಿಂದಿನವರ ಪುಸ್ತಕಗಳಿಂದ ಬಂದಿವೆ ಎಂದು ತೋರಿಸಿದ್ದಾರೆ. ಹಾಗಾದರೆ ಹೊನ್ನಾವರದ 13 ಶಾಲೆಗಳು? ನಾನು ಇದನ್ನು ಬಹಳ ಯೋಚಿಸಿದೆ. ಅವರು ಹೆಂಗಸರ ವಿಷಯದಲ್ಲಿ ಉದಾರಿಯಾಗಿರಲಿಲ್ಲ. ಮಾಲ್ಡೀವ್ಸ್‌ನ ಹೆಂಗಸರ ಉಡುಪನ್ನು ಬದಲಾಯಿಸಲು ಹುಕುಂ ಹೊರಡಿಸಿ ಸೋತವರು. ಊರೂರಲ್ಲಿ ಮದುವೆಯಾಗಿ ತಲಾಕ್ ಕೊಟ್ಟು ಮುಂದೆ ಹೋದವರು. ಮಾಲ್ಡೀವ್ಸ್‌ನಲ್ಲಿ ಹುಟ್ಟಿದ ಮಗನನ್ನು ನೋಡಲು ಒಮ್ಮೆ ಹೋಗಿ, ಅವನನ್ನು ತಾಯಿಯ ಕಡೆಯವರಿಗೇ ಬಿಟ್ಟು ಬಂದರು. ದಾಸಿಯರನ್ನು ಕೊಂಡದ್ದನ್ನು, ಕೊಟ್ಟದ್ದನ್ನು ಕುದುರೆ ವ್ಯಾಪಾರದ ಹಾಗೆ ಹೇಳುತ್ತಾರೆ. ಆ ಕಾಲದಲ್ಲಿ ಎಲ್ಲರೂ ಹಾಗೇ ಇದ್ದರು ಎಂದು ಹೇಳಬಹುದು, ಆದರೂ ಓದುವಾಗ ನನಗೆ ಅವರ ಮೇಲೆ ಸಿಟ್ಟು ಬಂತು. ಇಂಥ ಮನುಷ್ಯ ಹುಡುಗಿಯರ ಶಾಲೆಗಳನ್ನು ಕಟ್ಟುಕಥೆಯಾಗಿ ಏಕೆ ಹೇಳುತ್ತಾರೆ? ಅದರಿಂದ ಅವರಿಗೆ ಏನೂ ಲಾಭವಿಲ್ಲ. ನೋಡಿ ಆಶ್ಚರ್ಯಪಟ್ಟಿದ್ದರಿಂದಲೇ ಸಂಖ್ಯೆ ನೆನಪಿನಲ್ಲಿ ಉಳಿದಿರಬೇಕು. ಹಾಳೆಗಳು ಹೋದರೂ 13 ಎನ್ನುವುದು ಹೋಗಲಿಲ್ಲ. ಇದು ನನ್ನ ಲೆಕ್ಕ. ಆಡಿಟರ್ ಒಪ್ಪುವರೋ ಇಲ್ಲವೋ ಗೊತ್ತಿಲ್ಲ.

ಪುಸ್ತಕ ಮುಗಿದಾಗ ನಾನಿ ಕೇಳಿದ ಪ್ರಶ್ನೆ ಬೇರೆ, ಮಗ ತಾಯಿಯನ್ನು ನೋಡಿದನಾ ಎಂದು. ಇಲ್ಲ. ವಾಪಸ್ ಬರುವಾಗ ಡಮಾಸ್ಕಸ್‌ನಲ್ಲಿ, ತಂದೆ ತೀರಿಕೊಂಡು 15 ವರ್ಷವಾಯಿತು ಎಂದು ತಿಳಿಯಿತು. ಅದು 1348, ಪ್ಲೇಗ್ ಎಲ್ಲೆಡೆ ಹರಡಿದ್ದ ವರ್ಷ. ಮುಂದಿನ ವರ್ಷ ಮೊರಾಕ್ಕೋ ಸೇರುವ ವೇಳೆಗೆ ತಾಯಿಯೂ ಅದೇ ಪ್ಲೇಗಿನಲ್ಲಿ ತೀರಿಕೊಂಡಿದ್ದರು, ಕೆಲವು ತಿಂಗಳುಗಳ ಹಿಂದಷ್ಟೇ. ಅವರು ಟ್ಯಾಂಜಿಯರ್‌ಗೆ ಹೋಗಿ ತಾಯಿಯ ಕಬರಿನ ಜಿಯಾರತ್ ಮಾಡಿದರು. ನಾನಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಅವರಿಗಾಗಿ ಫಾತಿಹಾ ಓದಿದರು, ಇಬ್ಬರ ಹೆಸರಿನಲ್ಲೂ.

ಇಬ್ನ್ ಬತೂತಾ ಕೊನೆಯ ವರ್ಷಗಳಲ್ಲಿ ಮೊರಾಕ್ಕೋದ ಒಂದು ಊರಿನಲ್ಲಿ ಖಾಜಿಯಾಗಿದ್ದು 1368–69ರ ವೇಳೆಗೆ ತೀರಿಕೊಂಡರು. ಚಂದ್ರನ ಮೇಲಿನ ಒಂದು ಕುಳಿಗೆ ಈಗ ಅವರ ಹೆಸರಿದೆ.

ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋದರೆ ಅಲ್ಲಿಂದ ಕಾರವಾರಕ್ಕೆ ರಾತ್ರಿ ರೈಲು ಇದೆ. ಉಡುಪಿ, ಕುಂದಾಪುರ, ಭಟ್ಕಳ ದಾಟಿ ಹೊನ್ನಾವರದಲ್ಲಿ ಅದು ಶರಾವತಿಯ ಮೇಲೆ 2 ಕಿಲೋಮೀಟರ್ ಉದ್ದದ ಸೇತುವೆಯಲ್ಲಿ ಹೋಗುತ್ತದೆ. ಇಬ್ನ್ ಬತೂತಾ ಅವರ ಹಡಗು ಒಳಗೆ ಬಂದ ನದಿ ಅದೇ. ಪರೀಕ್ಷೆ ಮುಗಿದ ಮೇಲೆ ನೋಡೋಣ ಎಂದು ಅಬ್ಬಾ ಹೇಳಿದ್ದಾರೆ. ನಾನಿ ತಾವೂ ಬರುವುದಾಗಿ ಈಗಲೇ ಹಟ ಹಿಡಿದಿದ್ದಾರೆ, ದಾರಿಗೆ ರೊಟ್ಟಿ ಕಟ್ಟಿಕೊಳ್ಳಬೇಕಂತೆ.